ಗುಣವಾಗಿ ಮನೆಗೆ ಬಂದ ಮೇಲೆ



ಈ ಪಕ್ಷದ ಪತ್ರಗಳ ಕಟ್ಟಿನಿಂದ ಒಂದನ್ನು ಬೇರೆ ಎತ್ತಿಟ್ಟುಕೊಂಡಿದ್ದೇನೆ. ಹಾಸನದ ಕಡೆಯ ಒಬ್ಬ ತಾಯಿ ಬರೆದದ್ದು. ಮಗಳು ಬಿ.ಎ. ಮುಗಿಸಿದ್ದಾಳೆ, ಅಂಕಗಳೂ ಚೆನ್ನಾಗಿವೆ. ಒಂದು ಬಿ.ಎಡ್. ಮಾಡಿಸಿ ಮದುವೆ ಮಾಡಿಬಿಡೋಣ ಅಂತ ತಂದೆಯ ಲೆಕ್ಕಾಚಾರ. ಹುಡುಗಿ ಮಾತ್ರ ಎಂ.ಎಸ್.ಡಬ್ಲ್ಯು. ಓದುತ್ತೇನೆ, ಅದರಲ್ಲೂ ಮನಸ್ಸಿನ ಕಾಯಿಲೆಗೆ ಸಂಬಂಧಪಟ್ಟ ವಿಭಾಗವನ್ನೇ ತೆಗೆದುಕೊಳ್ಳುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಮನೆಯಲ್ಲಿ ಅತ್ತೆಯವರು, "ಹುಚ್ಚಾಸ್ಪತ್ರೇಲಿ ಕೆಲ್ಸ ಮಾಡೋ ಹುಡುಗೀನ ಯಾರು ಮದ್ವೆ ಆಗ್ತಾರೆ?" ಅಂದರಂತೆ. ಆ ತಾಯಿ ಕೇಳಿರುವ ಪ್ರಶ್ನೆ ಬೇರೆ: "ಸಮಾಜಸೇವೆ ಮಾಡೋದಕ್ಕೆ ಯೂನಿವರ್ಸಿಟಿಗೆ ಯಾಕೆ ಹೋಗಬೇಕು? ಒಳ್ಳೇ ಮನಸ್ಸಿದ್ದರೆ ಸಾಲದೇ?"

ಸಾಲದು. ಯಾಕೆ ಸಾಲದು ಎಂಬುದನ್ನೇ ಈ ಸಲ ಬರೆಯುತ್ತೇನೆ.

'ಶರಪಂಜರ' ನೆನಪಿದೆಯಲ್ಲ? 1971ರಲ್ಲಿ ಪುಟ್ಟಣ್ಣ ಕಣಗಾಲರು ತೆರೆಗೆ ತಂದ ತ್ರಿವೇಣಿಯವರ ಕಾದಂಬರಿ. ಕಾವೇರಿಯ ಪಾತ್ರದಲ್ಲಿ ಕಲ್ಪನಾ ಅತ್ತದ್ದನ್ನು ಕಂಡು ನಾಡಿನ ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಎಲ್ಲರಿಗೂ ನೆನಪಿರುವುದು ಕೊನೆಯ ಭಾಗ. ನೀವು ಇನ್ನೊಂದು ಸಲ ನೋಡುವುದಾದರೆ ಅದಕ್ಕಿಂತ ಸ್ವಲ್ಪ ಮುಂಚಿನದನ್ನು ಗಮನಿಸಿ. ಕಾವೇರಿ ಆಸ್ಪತ್ರೆಯಿಂದ ಗುಣವಾಗಿಯೇ ಬರುತ್ತಾಳೆ. ಡಾಕ್ಟರ ಕೆಲಸ ಸರಿಯಾಗಿಯೇ ನಡೆದಿದೆ. ಕೆಡುವುದೆಲ್ಲ ಮನೆಗೆ ಬಂದ ಮೇಲೆ. ಗಂಡನ ಮನಸ್ಸು ಬೇರೆ ಕಡೆ ತಿರುಗಿದೆ. ಸುತ್ತಲಿನವರ ಕಣ್ಣಿಗೆ ಅವಳು ಇನ್ನೂ ಹುಚ್ಚಿಯೇ. ನಕ್ಕರೂ ತಪ್ಪು, ಸುಮ್ಮನೆ ಕೂತರೂ ತಪ್ಪು. ಕೊನೆಗೆ ಮತ್ತೆ ಅದೇ ಆಸ್ಪತ್ರೆ. ಆಸ್ಪತ್ರೆಯ ಬಾಗಿಲಿಗೂ ಮನೆಯ ಹೊಸ್ತಿಲಿಗೂ ನಡುವೆ ನಿಂತು ಆ ಗಂಡನನ್ನೂ ನೆರೆಹೊರೆಯನ್ನೂ ಸಿದ್ಧಪಡಿಸುವವರು ಆ ಕಥೆಯಲ್ಲಿ ಒಬ್ಬರೂ ಇರಲಿಲ್ಲ. ನಮ್ಮ ಪತ್ರದ ಹುಡುಗಿ ಕಲಿಯಬೇಕೆಂದಿರುವುದು ಆ ಕೆಲಸವನ್ನು.

ತ್ರಿವೇಣಿಯವರು ಸುಮ್ಮನೆ ಊಹಿಸಿ ಬರೆದವರಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನೇ ಓದಿ ಪದವಿ ಪಡೆದವರು. ಆ ವಿಭಾಗವನ್ನು 1924ರಲ್ಲಿ ಕಟ್ಟಿದವರು ಡಾ. ಎಂ. ವಿ. ಗೋಪಾಲಸ್ವಾಮಿ. (1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ನಡೆಸಿ ನಮಗೆ 'ಆಕಾಶವಾಣಿ' ಕೊಟ್ಟವರೂ ಇವರೇ!) ಕನ್ನಡದ ಹೆಣ್ಣುಮಗಳಿಗೆ ಈ ಓದು ಹೊಸದಲ್ಲ ಎಂಬುದಕ್ಕೆ ಇಷ್ಟು ಹೇಳಿದೆ.

ಕಾವೇರಿಗೆ ಬಂದದ್ದು ನಮ್ಮ ಅಜ್ಜಿಯರು 'ಬಾಣಂತಿ ಸನ್ನಿ' ಅನ್ನುತ್ತಿದ್ದ ಕಾಯಿಲೆ. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ ಬರುತ್ತದೆ, ಹೆಚ್ಚಾಗಿ ಹೆತ್ತ ಮೊದಲ ಎರಡು ವಾರಗಳಲ್ಲೇ. ನಿದ್ದೆ ಹಾರಿಹೋಗುತ್ತದೆ, ಮಾತು ದಾರಿ ತಪ್ಪುತ್ತದೆ, ಕೂಸು ತನ್ನದಲ್ಲ ಅಂತ ಅನ್ನಿಸುವುದೂ ಉಂಟು. ಥಂಡಿ ತಗುಲಿತು, ಪಥ್ಯ ತಪ್ಪಿತು, ಗಾಳಿ ಸೋಕಿತು ಎಂದು ದಿನ ಕಳೆಯಬಾರದು. ತಾಯಿಗೂ ಕೂಸಿಗೂ ಅಪಾಯ. ಅದೇ ದಿನ ಆಸ್ಪತ್ರೆಗೆ ಕರೆದೊಯ್ದರೆ ಚೆನ್ನಾಗಿ ಗುಣವಾಗುವ ಕಾಯಿಲೆ ಇದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇಂಥ ತಾಯಂದಿರಿಗೆ ಪ್ರತ್ಯೇಕ ವಿಭಾಗವೇ ಇದೆ. ಅಲ್ಲಿ ತಾಯಿಯ ಜೊತೆ ಕೂಸೂ ಇರುತ್ತದೆ, ಮನೆಯ ಒಬ್ಬ ಹೆಂಗಸೂ ಇರುತ್ತಾರೆ. ಔಷಧಿ ಡಾಕ್ಟರದು. ಆದರೆ, "ಇವಳ ಕೈಗೆ ಮಗು ಕೊಡಬಹುದಾ?" ಎಂದು ಹೆದರುವ ಅತ್ತೆಗೆ ಧೈರ್ಯ ಹೇಳುವವರು ಯಾರು? "ಇನ್ನೊಂದು ಮದ್ವೆ ಮಾಡೋಣ" ಎಂದು ಆಗಲೇ ಪಿಸುಗುಟ್ಟುತ್ತಿರುವ ನಾದಿನಿಯನ್ನು ಕೂರಿಸಿ ಮಾತಾಡಿಸುವವರು ಯಾರು? ಊರಿಗೆ ಹೋದ ಮೇಲೆ ಮಾತ್ರೆ ನಿಲ್ಲಿಸದಂತೆ ನೋಡಿಕೊಳ್ಳುವವರು ಯಾರೆಂದು ಗೊತ್ತುಮಾಡುವವರು ಯಾರು? ಇದಕ್ಕೆಂದೇ ತರಬೇತಾದವರಿದ್ದಾರೆ. ಅವರನ್ನು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಎನ್ನುತ್ತಾರೆ. ಹೆಸರು ಉದ್ದ, ಕೆಲಸ ಅದಕ್ಕಿಂತ ಉದ್ದ.

ಈಗ 'ಒಳ್ಳೇ ಮನಸ್ಸು ಸಾಲದೇ' ಎಂಬ ಪ್ರಶ್ನೆಗೆ ಬರೋಣ. 1950ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜಶಾಸ್ತ್ರಜ್ಞರು, ಮನಸ್ಸಿನ ಕಾಯಿಲೆಯಿಂದ ಚೇತರಿಸಿಕೊಂಡು ಆಸ್ಪತ್ರೆಯಿಂದ ಹೊರಟವರಲ್ಲಿ ಯಾರು ಮತ್ತೆ ಹಿಂದಿರುಗಿ ಬರುತ್ತಾರೆ ಎಂದು ಲೆಕ್ಕ ತೆಗೆದರು. ಬಾಡಿಗೆ ಕೋಣೆಗೆ ಹೋದವರು, ಅಣ್ಣ ತಮ್ಮಂದಿರ ಮನೆ ಸೇರಿದವರು ಅಷ್ಟಾಗಿ ಬರಲಿಲ್ಲ. ಹೆತ್ತವರ ಬಳಿಗೆ, ಗಂಡ ಅಥವಾ ಹೆಂಡತಿಯ ಬಳಿಗೆ ಹೋದವರೇ ಹೆಚ್ಚಾಗಿ ಮರಳಿ ಬಂದರು! ಪ್ರೀತಿ ಹೆಚ್ಚಿರುವ ಕಡೆಯೇ ಹೀಗಾದರೆ ಏನು ಅರ್ಥ? ಮುಂದೆ ಅವರೂ ಅವರ ಜೊತೆಯವರೂ ಮನೆಮನೆಗೆ ಹೋಗಿ ಕೂತು ಮಾತು ಕೇಳಿದರು. ಮೂದಲಿಕೆ, ಹಗೆ, ಮತ್ತು ಉಸಿರು ಕಟ್ಟಿಸುವಷ್ಟು ಅತಿಯಾದ ಕಾಳಜಿ, ಈ ಮೂರು ಇರುವ ಮನೆಯಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆ ಎಂದು ತಿಳಿಯಿತು. 1980ರ ದಶಕದಲ್ಲಿ ನಮ್ಮ ಚಂಡೀಗಢದಲ್ಲೂ ಇದೇ ಪರೀಕ್ಷೆ ನಡೆಯಿತು. ನಮ್ಮವರ ಮನೆಗಳಲ್ಲಿ ಮೂದಲಿಕೆ ಲಂಡನ್ನಿಗಿಂತ ಕಡಿಮೆ ಇತ್ತು, ಚೇತರಿಕೆಯೂ ಮೇಲಾಗಿತ್ತು. ಹಿಗ್ಗುವುದಕ್ಕೆ ಅವಸರ ಬೇಡಿ. ಹಗೆ ಇದ್ದ ಮನೆಗಳಲ್ಲಿ ಅಲ್ಲೂ ಕಾಯಿಲೆ ಮರುಕಳಿಸಿತ್ತು.

ಇದನ್ನು ಓದುವಾಗ ನಿಮಗೆ ಯಾವುದಾದರೂ ಮನೆ ನೆನಪಾಗುತ್ತಿರಬೇಕು. ಸ್ಕಿಜೋಫ್ರೇನಿಯಾದಿಂದ ಚೇತರಿಸಿಕೊಳ್ಳುತ್ತಿರುವ ಇಪ್ಪತ್ತೆರಡರ ಹುಡುಗ. ಕಿವಿಯಲ್ಲಿ ಕೇಳಿಸುತ್ತಿದ್ದ ದನಿಗಳು ಮಾತ್ರೆಯಿಂದ ನಿಂತಿವೆ. ಆದರೆ ಬೆಳಿಗ್ಗೆ ಒಂಬತ್ತಾದರೂ ಏಳುವುದಿಲ್ಲ, ಸ್ನಾನ ಮಾಡು ಅಂದರೆ ಮಾಡುವುದಿಲ್ಲ, ಗೋಡೆ ನೋಡುತ್ತಾ ಕೂತಿರುತ್ತಾನೆ. "ಕಾಯಿಲೆ ಹೋಯ್ತು, ಈಗ ಬರೀ ಸೋಮಾರಿತನ. ತಿಂದು ತಿಂದು ಹೀಗಾಗಿದ್ದಾನೆ," ಅಂತ ತಂದೆ. ತಾಯಿ ಮರೆಯಲ್ಲಿ ತುತ್ತು ಕಲಸಿ ಬಾಯಿಗಿಡುತ್ತಾಳೆ. ಇಬ್ಬರದೂ ಒಳ್ಳೇ ಮನಸ್ಸೇ! ಉತ್ಸಾಹ ಬತ್ತಿಹೋಗುವುದು ಆ ಕಾಯಿಲೆಯ ಒಂದು ಭಾಗ, ಮಾತ್ರೆಯ ಮಂಪರೂ ಸ್ವಲ್ಪ ಸೇರಿರುತ್ತದೆ ಎಂಬುದು ಇಬ್ಬರಿಗೂ ಗೊತ್ತಿಲ್ಲ ಅಷ್ಟೆ. ತರಬೇತಾದವಳು ಬಂದರೆ ಉಪದೇಶ ಮಾಡುವುದಿಲ್ಲ. ಮೊದಲು ತಂದೆಯ ಸಿಟ್ಟನ್ನೆಲ್ಲ ಕೇಳಿಸಿಕೊಳ್ಳುತ್ತಾಳೆ. ಆಮೇಲೆ ಕಾಯಿಲೆ ಏನೆಂದು ಬಿಡಿಸಿ ಹೇಳುತ್ತಾಳೆ. ಮೊದಲ ವಾರ ಎಂಟು ಗಂಟೆಗೆ ಎದ್ದು ಮುಖ ತೊಳೆದರೆ ಸಾಕು. ಮುಂದಿನ ವಾರ ಹಾಲು ತಂದುಕೊಡಬೇಕು. ಅದರ ಮುಂದಿನ ವಾರ ತರಕಾರಿ, ಚಿಲ್ಲರೆ ಲೆಕ್ಕದ ಸಮೇತ. ತಾಯಿಗೂ ಒಂದು ಕೆಲಸ ಉಂಟು, ಕೈತುತ್ತು ನಿಲ್ಲಿಸುವುದು. ಮಾಡಿದ್ದನ್ನು ಬರೆದಿಡುತ್ತಾಳೆ, ಹದಿನೈದು ದಿನ ಬಿಟ್ಟು ಮತ್ತೆ ಬಂದು ನೋಡುತ್ತಾಳೆ. ಅಡುಗೆಯಲ್ಲಿ ಹದ ಎಂಬುದು ಇರುತ್ತದಲ್ಲ, ಅಂಥದ್ದು. ಕಲಿಯದೆ ಬರುವುದಿಲ್ಲ.

ನಮ್ಮ ದೇಶದಲ್ಲಿ ಇದನ್ನು ಪುಸ್ತಕಕ್ಕಿಂತ ಮೊದಲು ಕಣ್ಣಾರೆ ತೋರಿಸಿದವರು ಅಮೃತಸರದ ಡಾ. ವಿದ್ಯಾಸಾಗರ್. 1950ರ ದಶಕದಲ್ಲಿ ತಮ್ಮ ಆಸ್ಪತ್ರೆಯ ಬಯಲಲ್ಲಿ ಡೇರೆ ಹಾಕಿಸಿ, ರೋಗಿಗಳ ಮನೆಯವರನ್ನೂ ಅಲ್ಲೇ ಇರಿಸಿಕೊಂಡರು. ಮನೆಯವರು ಜೊತೆಗಿದ್ದರೆ ರೋಗಿಗಳು ಬೇಗ ಚೇತರಿಸಿಕೊಳ್ಳುತ್ತಾರೆ, ಮನೆಯವರ ಹೆದರಿಕೆಯೂ ಕಳೆಯುತ್ತದೆ ಎಂದು ಅಲ್ಲಿ ಕಂಡರು. ಮನೆಯವರನ್ನು ದೂರವಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ ಗುಡಿಸಲಿಗೆ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಂದಿ ಸತ್ತರು. ಓಡುವುದಕ್ಕೂ ಆಗಲಿಲ್ಲ. ಅವರೆಲ್ಲರನ್ನೂ ಯಾರೋ ಮನೆಯವರೇ ತಂದು ಬಿಟ್ಟಿದ್ದರು. ಬೇರೆ ದಾರಿ ಹೇಳಿಕೊಡುವವರು ಸಿಕ್ಕಿರಲಿಲ್ಲ. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಸಿನಿಮಾದಲ್ಲಿ ತೋರಿಸುವಂತೆ ಎಚ್ಚರದಲ್ಲಿರುವವರಿಗೆ ಕರೆಂಟ್ ಕೊಡುವುದನ್ನೂ ನಿಷೇಧಿಸಿದೆ. ಆ ಚಿಕಿತ್ಸೆ ಬೇಕಾದಾಗ ಈಗ ಅರಿವಳಿಕೆ ಕೊಟ್ಟೇ ಮಾಡಬೇಕು. ನಿಮ್ಮ ಅತ್ತೆಯವರ ಕಣ್ಣ ಮುಂದಿರುವ 'ಹುಚ್ಚಾಸ್ಪತ್ರೆ' ಹಳೆಯ ಸಿನಿಮಾದ್ದು ಎಂದು ಮೆಲ್ಲಗೆ ಹೇಳಿ.

ಇನ್ನು ಓದಿನ ವಿಚಾರ. ಮನಸ್ಸಿನ ಆರೋಗ್ಯದ ಕೆಲಸಕ್ಕೆ ಹೋಗುವ ದಾರಿ ಒಂದೇ ಅಲ್ಲ. ಎಂ.ಬಿ.ಬಿ.ಎಸ್. ಮಾಡಿ ಮುಂದೆ ಎಂ.ಡಿ. ಓದಿದರೆ ಮನೋವೈದ್ಯರು; ಔಷಧಿ ಬರೆಯುವುದು ಅವರು. ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು ಮೇಲೆ ತರಬೇತಿ ಹೊಂದಿದರೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರು. ನರ್ಸಿಂಗ್ ಓದಿದವರಿಗೂ ಪ್ರತ್ಯೇಕ ತರಬೇತಿ ಇದೆ. ನಮ್ಮ ಹುಡುಗಿಯದು ಸಮಾಜಕಾರ್ಯದ ದಾರಿ. ಎಂ.ಎಸ್.ಡಬ್ಲ್ಯು. ಎರಡು ವರ್ಷ. ಅನೇಕ ವಿಶ್ವವಿದ್ಯಾಲಯಗಳಲ್ಲಿ ಯಾವುದೇ ಪದವಿ ಇದ್ದರೂ ಅರ್ಜಿ ಹಾಕಬಹುದು. ಮುಂಬಯಿಯಲ್ಲಿ 1936ರಲ್ಲೇ ಟಾಟಾ ಅವರ ಹೆಸರಿನ ಶಾಲೆ ಇದನ್ನು ಆರಂಭಿಸಿತು. ನಮ್ಮಲ್ಲಿ ಮಂಗಳೂರಿನ ರೋಶನಿ ನಿಲಯ 1960ರಿಂದ ಇದೆ. ಧಾರವಾಡ, ಬೆಂಗಳೂರು, ಮೈಸೂರು ಹೀಗೆ ಹಲವು ಕಡೆ ಕಲಿಸುತ್ತಾರೆ. ಒಬ್ಬ ವ್ಯಕ್ತಿಯೊಡನೆ ಹೇಗೆ ಕೆಲಸ ಮಾಡುವುದು, ಗುಂಪಿನೊಡನೆ ಹೇಗೆ, ಇಡೀ ಊರಿನೊಡನೆ ಹೇಗೆ ಎಂದು ಕಲಿಸುವುದು ಇದರ ಮುಖ್ಯ ಭಾಗ. ಜೊತೆಗೆ ಮನುಷ್ಯನ ಬೆಳವಣಿಗೆ, ಕಾನೂನು, ಸಂಶೋಧನೆ. ಎರಡನೆಯ ವರ್ಷದ ಹೊತ್ತಿಗೆ ವಿಭಾಗ ಆರಿಸಿಕೊಳ್ಳಬೇಕು. ಕಾರ್ಖಾನೆ ಆಫೀಸುಗಳ ಸಿಬ್ಬಂದಿ ಕೆಲಸ ಸಿಗುತ್ತದೆಂದು ಆ ಕಡೆ ನುಗ್ಗುವವರೇ ಬಹಳ. ವೈದ್ಯಕೀಯ ಮತ್ತು ಮನೋವೈದ್ಯಕೀಯ ವಿಭಾಗವನ್ನು ಹಟ ಹಿಡಿದು ಕೇಳುವ ಹುಡುಗಿ ಯೋಚಿಸಿಯೇ ಕೇಳುತ್ತಿರಬೇಕು ಎಂದು ನನ್ನ ಅಂದಾಜು.

ಇಂಗ್ಲಿಷ್ ಬರುವುದಿಲ್ಲ ಎಂಬ ಅಳುಕು ಬೇಡ. ಕನ್ನಡದಲ್ಲಿ ಸಮಾಜಕಾರ್ಯದ ಪುಸ್ತಕಗಳಿವೆ. ಬೆಂಗಳೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಡಾ. ಎಚ್. ಎಂ. ಮರುಳಸಿದ್ಧಯ್ಯನವರು ಆ ಕೆಲಸಕ್ಕೆ ಆಯುಸ್ಸು ಸವೆಸಿದರು. ಮನಸ್ಸಿನ ಕಾಯಿಲೆಗಳ ಬಗ್ಗೆ ಡಾ. ಸಿ. ಆರ್. ಚಂದ್ರಶೇಖರ್ ಬರೆದ ಪುಸ್ತಕಗಳು ನಿಮ್ಮೂರಿನ ಲೈಬ್ರರಿಯಲ್ಲೇ ಸಿಕ್ಕಾವು. ನಿಜ ಹೇಳಬೇಕೆಂದರೆ ಈ ಕೆಲಸದಲ್ಲಿ ಹಳ್ಳಿಯ ಕನ್ನಡವೇ ಬಂಡವಾಳ. "ನನಗೆ ಖಿನ್ನತೆ" ಎಂದು ಯಾವ ಹೆಂಗಸೂ ಹೇಳುವುದಿಲ್ಲ. "ಎದೆ ಡವಡವ ಅಂತದೆ", "ಮೈಯೆಲ್ಲಾ ಉರಿ", "ಹೊಟ್ಟೇಲಿ ಸಂಕ್ಟ", "ಯಾವ್ದೂ ಬ್ಯಾಡ ಅನ್ನಿಸ್ತದೆ", ಹೀಗೆ ಹೇಳಿಕೊಳ್ಳುತ್ತಾರೆ. ಆ ಮಾತಿನ ಹಿಂದಿರುವುದನ್ನು ಹಿಡಿಯಬಲ್ಲವಳು ಅದೇ ಮಾತಿನಲ್ಲಿ ಬೆಳೆದವಳು. ಹರಕೆ ಹೊತ್ತಿದ್ದೇವೆ ಅಂದರೆ ನಗಬಾರದು ಎಂದೂ ಅವಳಿಗೆ ಗೊತ್ತಿರುತ್ತದೆ. "ಹರಕೆ ತೀರಿಸಿ ಅಮ್ಮಾ, ಮಾತ್ರೆ ಮಾತ್ರ ಬಿಡಬೇಡಿ" ಎಂದರೆ ಅರ್ಧ ಜಗಳ ಮುಗಿಯಿತು.

ವಾರದಲ್ಲಿ ಸಾಮಾನ್ಯವಾಗಿ ಎರಡು ದಿನ ಕ್ಷೇತ್ರಕಾರ್ಯವಿರುತ್ತದೆ. ಆಸ್ಪತ್ರೆ, ಬಾಲಮಂದಿರ, ವೃದ್ಧಾಶ್ರಮ, ಕೊಳೆಗೇರಿ, ಎಲ್ಲಿಗೆ ಕಳಿಸಿದರೆ ಅಲ್ಲಿಗೆ. ಹಳ್ಳಿಯಲ್ಲಿ ವಾರಗಟ್ಟಲೆ ಶಿಬಿರವೂ ಉಂಟು. ನೋಡಿದ್ದು, ಕೇಳಿದ್ದು, ತನಗೆ ಅನ್ನಿಸಿದ್ದು ಎಲ್ಲವನ್ನೂ ಬರೆದು ಮೇಷ್ಟರಿಗೆ ಒಪ್ಪಿಸಬೇಕು. ತಾಯಂದಿರಿಗೆ ಇಲ್ಲೊಂದು ಕಿವಿಮಾತು. ಮೊದಲ ಕೆಲವು ತಿಂಗಳು ಮಗಳು ಮಂಕಾಗಿ ಬರಬಹುದು, ತಟ್ಟೆ ಮುಂದೆ ಕೂತು ಅನ್ನ ಕಲಸುತ್ತಲೇ ಇರಬಹುದು. "ನೋಡು, ನಾವು ಹೇಳಿರಲಿಲ್ವಾ" ಅನ್ನಬೇಡಿ. ಬಿಸಿ ಸಾರು ಬಡಿಸಿ ಪಕ್ಕದಲ್ಲಿ ಕೂತಿರಿ. ಯಾರ ಮನೆಯ ವಿಷಯ, ಯಾವ ಊರು ಎಂದು ಕೆದಕಲೇಬೇಡಿ. ಕೇಳಿದ ಗುಟ್ಟನ್ನು ಹೊರಗೆ ಬಿಡಬಾರದು ಎಂಬುದು ಅವಳ ಓದಿನ ಮೊದಲ ನಿಯಮ. ಬಾವಿಕಟ್ಟೆಯ ಸುದ್ದಿಗೆ ಒಗ್ಗಿಕೊಂಡ ನಮಗೆ ಇದು ಕಷ್ಟವೇ!

ಎಂ.ಎಸ್.ಡಬ್ಲ್ಯು. ಆದಮೇಲೂ ಒಂದು ಮೆಟ್ಟಿಲಿದೆ. ಕಾಯ್ದೆಯ ಪ್ರಕಾರ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ ಎನಿಸಿಕೊಳ್ಳಲು ಅದೇ ವಿಷಯದಲ್ಲಿ ಎರಡು ವರ್ಷದ ಎಂ.ಫಿಲ್., ಆಸ್ಪತ್ರೆಯ ತರಬೇತಿಯೊಂದಿಗೆ ಆಗಿರಬೇಕು. ನಿಮ್ಹಾನ್ಸ್‌ನಂಥ ಕಡೆ ಅದಕ್ಕೆ ಸೀಟು ಕಡಿಮೆ, ಪ್ರವೇಶ ಪರೀಕ್ಷೆ ಕಠಿಣ. ದೇಶದಲ್ಲಿ ಎಂ.ಫಿಲ್. ಪದವಿಯನ್ನೇ 2022ರಲ್ಲಿ ನಿಲ್ಲಿಸಿದ ಮೇಲೆ, ಈ ವಿಷಯಕ್ಕೂ ಚಿಕಿತ್ಸಾ ಮನಶ್ಶಾಸ್ತ್ರಕ್ಕೂ ಮಾತ್ರ 2025-26ರ ಪ್ರವೇಶದವರೆಗೆ ವಿನಾಯಿತಿ ಕೊಟ್ಟರು. ಆದ್ದರಿಂದ ಆ ಹಂತಕ್ಕೆ ಬಂದಾಗ ಆಯಾ ಸಂಸ್ಥೆಯ ಆ ವರ್ಷದ ಪ್ರಕಟಣೆಯನ್ನೇ ನೋಡಿಕೊಳ್ಳಬೇಕು. ಪಕ್ಕದ ಮನೆಯವರ ಮಾತು ನಂಬಿ ಕೂರಬಾರದು.

ಸಂಬಳದ ಬಗ್ಗೆ ಬಣ್ಣ ಕಟ್ಟಿ ಹೇಳಲಾರೆ. ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಸಮಾಜ ಕಾರ್ಯಕರ್ತರ ಹುದ್ದೆಗಳಿವೆ, ಬಹಳಷ್ಟು ಗುತ್ತಿಗೆಯವು. (1996ರಲ್ಲಿ ದೇಶಕ್ಕೆಲ್ಲ ಬಂದ ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗ.) ದೊಡ್ಡ ಆಸ್ಪತ್ರೆಗಳು, ಶಾಲೆಗಳು, ಕೌಟುಂಬಿಕ ನ್ಯಾಯಾಲಯದ ಆಪ್ತಸಮಾಲೋಚನೆ, ಹೆಂಗಸರಿಗಾಗಿ ಇರುವ 'ಸಖಿ' ಮತ್ತು 'ಸಾಂತ್ವನ' ಕೇಂದ್ರಗಳು, ಮಕ್ಕಳ ರಕ್ಷಣೆಯ ಕಚೇರಿಗಳು, ಇಲ್ಲೆಲ್ಲ ಈ ಓದಿದವರು ಬೇಕು. ಬಿ.ಎಡ್. ಮಾಡಿದವಳಿಗಿಂತ ಕೆಲಸ ಬೇಗ ಸಿಕ್ಕೀತೆಂದು ಭರವಸೆ ಕೊಡಲಾರೆ. ಬೇಕಾದವರು ಎಷ್ಟು ಮಂದಿ ಎಂಬುದನ್ನು ಮಾತ್ರ ಹೇಳಬಲ್ಲೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂತು; ಅವರಲ್ಲಿ ಬಹುಪಾಲಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನಿಮ್ಮ ಬೀದಿಯ ಮನೆಗಳನ್ನು ಬೆರಳಲ್ಲಿ ಎಣಿಸಿಕೊಳ್ಳಿ.

ಮದುವೆಯ ಮಾತಿಗೆ ನನ್ನ ಉತ್ತರ ಗಡುಸಾಗಿದ್ದರೆ ಕ್ಷಮಿಸಿ. ಮನಸ್ಸಿನ ಕಾಯಿಲೆ ಮುಟ್ಟಿದರೆ ಅಂಟುವ ರೋಗವಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಿಗೆ ಹೆಣ್ಣು ಕೇಳಿ ಬರುವವರು ಇವಳ ಮನೆಗೂ ಬರಬಹುದು. ಬರುವುದಿಲ್ಲ ಎನ್ನುವ ಮನೆಯೊಳಗೆ, ಮುಂದೊಂದು ದಿನ ಬಾಣಂತನದಲ್ಲಿ ಸೊಸೆಯ ನಿದ್ದೆ ಕೆಟ್ಟರೆ, ಅವಳನ್ನು ಹೇಗೆ ನೋಡಿಕೊಂಡಾರು? ಅಂಥ ಮನೆ ಮೊದಲೇ ಗೊತ್ತಾಗುವುದು ಒಳ್ಳೆಯದಲ್ಲವೇ?

"ನಾನೂ ಓದಬಹುದಾ?" ಎಂದು ಕೇಳಿದ ಗೃಹಿಣಿಯರೂ ಇದ್ದಾರೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ಎಂ.ಎಸ್.ಡಬ್ಲ್ಯು. ಪದವಿಯನ್ನು ಮನೆಯಲ್ಲೇ ಓದುವವರಿಗಾಗಿ ಹಲವು ವರ್ಷಗಳಿಂದ ನಡೆಸಿಕೊಂಡು ಬಂದಿದೆ. ಅದರಲ್ಲೂ ಕ್ಷೇತ್ರಕಾರ್ಯ ತಪ್ಪುವುದಿಲ್ಲ. ಮನಶ್ಶಾಸ್ತ್ರವನ್ನು ಹೀಗೆ ದೂರಶಿಕ್ಷಣದಲ್ಲಿ ಕಲಿಸುವುದಕ್ಕೆ 2025ರಲ್ಲಿ ಯು.ಜಿ.ಸಿ. ತಡೆ ಹಾಕಿರುವುದರಿಂದ, ಯಾವ ಕೋರ್ಸಿಗೇ ಆಗಲಿ ಹಣ ಕಟ್ಟುವ ಮುಂಚೆ ಈ ವರ್ಷ ಮಾನ್ಯತೆ ಇದೆಯೇ ಎಂದು ಕೇಳಿ. 'ಮೂರೇ ತಿಂಗಳಲ್ಲಿ ಆಪ್ತಸಮಾಲೋಚಕರಾಗಿ' ಎಂಬ ಜಾಹೀರಾತುಗಳ ತಂಟೆಗೆ ಹೋಗದಿರುವುದೇ ಮೇಲು.

ಹಾಸನದ ತಾಯಿಯವರೇ, ಪದವಿಯ ಫಲಿತಾಂಶ ಬಂದ ಮೇಲೆ ಅರ್ಜಿಗೆ ಸಿಗುವ ಸಮಯ ಕಡಿಮೆ. ಮಗಳನ್ನು ಕರೆದುಕೊಂಡು ವಿಭಾಗಕ್ಕೇ ಹೋಗಿ. ಮನೋವೈದ್ಯಕೀಯ ವಿಭಾಗ ನಿಜವಾಗಿ ನಡೆಯುತ್ತಿದೆಯೇ ಅಥವಾ ಪುಸ್ತಿಕೆಯಲ್ಲಿ ಮಾತ್ರ ಇದೆಯೇ, ಕ್ಷೇತ್ರಕಾರ್ಯಕ್ಕೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆ, ಜೊತೆಗೆ ಮೇಷ್ಟರು ಬರುತ್ತಾರೆಯೇ, ಹಾಸ್ಟೆಲ್ ಹುಡುಗಿಯರು ಸಂಜೆ ತಡವಾದರೆ ಹೇಗೆ ಹಿಂದಿರುಗುತ್ತಾರೆ, ಇವನ್ನೆಲ್ಲ ನೀವೇ ಬಾಯಿಬಿಟ್ಟು ಕೇಳಿ. ಸಾಧ್ಯವಾದರೆ ತಂದೆಯವರನ್ನೂ ಕರೆದೊಯ್ಯಿರಿ; ಅಲ್ಲಿ ಓದುತ್ತಿರುವ ಹುಡುಗಿಯರೊಂದಿಗೆ ಅವರು ಹತ್ತು ನಿಮಿಷ ಮಾತಾಡಲಿ.

ಪತ್ರದ ಕೊನೆಯಲ್ಲಿ ನೀವು ಸಣ್ಣ ಅಕ್ಷರದಲ್ಲಿ, ನಿಮ್ಮ ತಂಗಿಯ ಬಗ್ಗೆ ಬರೆದಿದ್ದೀರಿ. ಮಗಳಿಗೆ ಈ ಓದಿನ ಮೇಲೆ ಮನಸ್ಸು ಯಾಕೆ ಬಂತೆಂದು ಅಲ್ಲಿ ನನಗೆ ತಿಳಿಯಿತು. ಆ ವಿಷಯ ಇಲ್ಲಿ ಬರೆಯುವುದಿಲ್ಲ. ಮಗಳು ಓದಿ ಬರುವವರೆಗೆ ತಂಗಿ ಕಾಯಬೇಕಾಗಿಲ್ಲ. 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಸರ್ಕಾರದ 'ಟೆಲಿ ಮನಸ್' ಅದು. ಹಗಲು ರಾತ್ರಿ ಯಾವಾಗ ಬೇಕಾದರೂ ಸರಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ನಿಲ್ಲಿಸಿ ಎಷ್ಟು ದಿನವಾಯಿತು ಎಂದು ಮೊದಲು ಹೇಳಿ. ಹಳೆಯ ಚೀಟಿ ಸಿಕ್ಕರೆ ಕೈಯಲ್ಲಿ ಹಿಡಿದುಕೊಂಡಿರಿ.